ಹಾಲಿನ ಪುಡಿ ಡಬ್ಬಿ, ಒಂದು ತೂತು, ಒಂದು ರೋಲ್ ಫಿಲ್ಮ್

 

ಇವತ್ತಿನ ಸಂಚಿಕೆಗೆ ಬೇಕಾದ ಸಾಮಾನು ಮೊದಲು ಹೇಳಿಬಿಡ್ತೀವಿ. ಖಾಲಿಯಾದ ಒಂದು ತಗಡಿನ ಡಬ್ಬಿ. ತಂಪು ಪಾನೀಯದ ಒಂದು ಕ್ಯಾನ್. ಒಂದು ಹೊಲಿಗೆ ಸೂಜಿ, ಕಪ್ಪು ಇನ್ಸುಲೇಶನ್ ಟೇಪು. ಮತ್ತೆ, ಸಿಕ್ಕರೆ, ಒಂದು ರೋಲ್ ಫಿಲ್ಮ್. ಇಷ್ಟರಲ್ಲಿ ಒಂದು ಕ್ಯಾಮೆರಾ ಆಗುತ್ತದೆ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಸೂಜಿರಂಧ್ರ ಕ್ಯಾಮೆರಾ ಅಂತ ಹೆಸರು. ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಎರಡು ಅಂಕ ತಗೊಂಡು ನಾವೆಲ್ಲ ಮುಂದಕ್ಕೆ ಹೋದೆವು. ನಿಜವಾಗಿ ಮಾಡಿ ನೋಡಿದವರು ಕಡಿಮೆ.

ಈ ಸಲ ಸಂಚಿಕೆಯ ನೆಲೆ ಕುವೈತಿನ ಅಹ್ಮದಿ. ಬುರ್ಗಾನಿನಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿ, 1946ರಲ್ಲಿ ಮೊದಲ ಹಡಗು ಹೊರಟ ಮೇಲೆ ತೈಲ ಕಂಪನಿ ಕಟ್ಟಿಸಿದ ಊರು ಇದು. ಆಗಿನ ಅಮೀರ ಶೇಖ್ ಅಹ್ಮದ್ ಅಲ್-ಜಾಬಿರ್ ಅವರ ಹೆಸರನ್ನೇ ಊರಿಗೆ ಇಟ್ಟರು. ಮರುಭೂಮಿಯ ದಿಬ್ಬದ ಮೇಲೆ ಸಾಲುಮರ, ಕೈತೋಟದ ಮನೆಗಳು. ಇದೇ ಅಹ್ಮದಿ ಗವರ್ನರೇಟಿನ ಮಂಗಫ್, ಫಹಾಹೀಲ್, ಅಬು ಹಲೀಫಾ ಕಡೆಯ ಫ್ಲ್ಯಾಟುಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನವರ ಮನೆಗಳೂ ಇವೆ. ಆ ಮನೆಗಳಲ್ಲಿ ನಿಡೋ ಹಾಲಿನ ಪುಡಿಯ ಡಬ್ಬಿ ಇಲ್ಲದೆ ಇರುತ್ತಾ? ರಜೆಗೆ ಊರಿಗೆ ಹೋಗುವಾಗ ಅದೇ ಡಬ್ಬಿ ಪೆಟ್ಟಿಗೆ ಸೇರುತ್ತದೆ. ಪುಡಿ ಮುಗಿದ ಮೇಲೆ ಅಜ್ಜಿ ಮನೆಯಲ್ಲಿ ಚಕ್ಕುಲಿ ತುಂಬಿಸಿಕೊಂಡು ಇಪ್ಪತ್ತು ವರ್ಷ ಬಾಳುತ್ತದೆ. ಇವತ್ತು ಅದೇ ಡಬ್ಬಿಗೆ ಹೊಸ ಕೆಲಸ ಕೊಡೋಣ.

ಇದು ಬರೀ ಕರಕುಶಲ ಅಲ್ಲ, ಇದಕ್ಕೊಂದು ಗಡುವೂ ಇದೆ. 2027ರ ಆಗಸ್ಟ್ 2ರಂದು ಸೂರ್ಯಗ್ರಹಣ. ಈಜಿಪ್ಟಿನ ಲಕ್ಸರ್, ಸೌದಿಯ ಜೆದ್ದಾ, ಮೆಕ್ಕಾ ಕಡೆ ಪೂರ್ಣ ಗ್ರಹಣ. ಕುವೈತಿನಲ್ಲಿ ಪಾರ್ಶ್ವ ಗ್ರಹಣ. ನಮ್ಮ ಕರಾವಳಿಯಲ್ಲೂ ಅವತ್ತು ಸಂಜೆ ಹೊತ್ತಿಗೆ ಸೂರ್ಯನ ಒಂದು ಅಂಚು ಕಚ್ಚಿಹೋಗಿರುತ್ತದೆ. ಅಷ್ಟರೊಳಗೆ ಮಕ್ಕಳಿಗೆ ಒಂದು ತೂತಿನ ಕೆಲಸ ಅರ್ಥ ಆಗಿದ್ದರೆ, ಕಣ್ಣು ಕೆಡಿಸಿಕೊಳ್ಳದೆ, ಬಾಗಿಲು ಹಾಕಿಕೊಂಡು ಕೂರದೆ ಅದನ್ನು ನೋಡಬಹುದು. ಅಲ್ಲಿಗೆ ಕೊನೆಯಲ್ಲಿ ಬರ್ತೀವಿ.

ಮರದ ಕೆಳಗಿನ ದುಂಡು ಬೆಳಕು

ಮೊದಲು ಒಂದು ಪ್ರಶ್ನೆ. ಬಿಸಿಲಲ್ಲಿ ಮರದ ಕೆಳಗೆ ನೆಲದ ಮೇಲೆ ಬೆಳಕಿನ ಚುಕ್ಕೆಗಳು ಬೀಳ್ತವಲ್ಲ, ಅವು ಯಾಕೆ ದುಂಡಗಿರುತ್ತವೆ? ಎಲೆಗಳ ನಡುವಿನ ಸಂದು ದುಂಡಗಿಲ್ಲ. ಕೆಲವು ಮೂರು ಮೂಲೆ, ಕೆಲವು ಬರೀ ಸೀಳು. ಆದರೂ ನೆಲದ ಮೇಲೆ ಬೀಳೋದು ದುಂಡು. ಹೊಂಗೆ ಮರವಾಗಲಿ, ಅಹ್ಮದಿಯ ಬೀದಿಬದಿಯ ಬೇವಾಗಲಿ, ಕತೆ ಒಂದೇ.

ಉತ್ತರ ಏನಂದ್ರೆ, ಅವು ಸಂದಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಪ್ರತಿಯೊಂದು ಸಣ್ಣ ಸಂದೂ ಸೂರ್ಯನ ಒಂದು ಬಿಂಬವನ್ನು ನೆಲಕ್ಕೆ ಇಳಿಸುತ್ತಿದೆ. ಇದನ್ನು ಅಳೆದೂ ನೋಡಬಹುದು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ತೂತಿನಿಂದ ಬಿಂಬಕ್ಕಿರುವ ದೂರವನ್ನು 108ರಿಂದ ಭಾಗಿಸಿದರೆ ಬಿಂಬದ ವ್ಯಾಸ ಬರುತ್ತದೆ. ಸಂದು 5 ಮೀಟರ್ ದೂರದಲ್ಲಿದ್ದರೆ ಚುಕ್ಕೆಯ ಅಗಲ ಸುಮಾರು 4.6 ಸೆಂಟಿಮೀಟರ್. ಅಂದರೆ ನೆಲದ ಚುಕ್ಕೆ ಅಳೆದು ಕೊಂಬೆ ಎಷ್ಟು ದೂರ ಇದೆ ಅಂತ ಹೇಳಬಹುದು. ಬಿಸಿಲು ಓರೆಯಾಗಿದ್ದಾಗ ಚುಕ್ಕೆ ಮೊಟ್ಟೆಯಂತೆ ಉದ್ದವಾಗುತ್ತದೆ. ಆಗ ಅದರ ಅಗಲ ಕಡಿಮೆ ಇರುವ ಕಡೆ ಅಳೆಯಿರಿ.

ಯಾಕೆ ಹೀಗಾಗುತ್ತದೆ? ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ, ಅಷ್ಟೇ. ಮರದ ತುದಿಯಿಂದ ಹೊರಟ ಬೆಳಕು ತೂತಿನಲ್ಲಿ ತೂರಿ ಕೆಳಕ್ಕೆ ಇಳಿಯುತ್ತದೆ, ಬುಡದಿಂದ ಹೊರಟದ್ದು ತೂತಿನಲ್ಲಿ ತೂರಿ ಮೇಲಕ್ಕೆ ಏರುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಒಳಗಿನ ಗೋಡೆಯ ಪ್ರತಿ ಬಿಂದುವಿಗೂ ಹೊರಗಿನ ಒಂದೇ ಒಂದು ದಿಕ್ಕಿನ ಬೆಳಕು ತಲುಪುತ್ತದೆ. ಹಾಗೆ ಒಂದೊಂದೇ ದಿಕ್ಕನ್ನು ಬೇರೆ ಮಾಡಿ ಇಟ್ಟದ್ದಕ್ಕೇ ನಾವು ಚಿತ್ರ ಅಂತೀವಿ.

ಬಸ್ರಾದ ದೀಪಗಳು, ಹಂಪೆಯ ಗೋಪುರ

ಕುವೈತಿನ ಉತ್ತರದ ಗಡಿ ದಾಟಿದರೆ ಇರಾಕಿನ ಬಸ್ರಾ. ಸುಮಾರು 965ರಲ್ಲಿ ಅಲ್ಲಿ ಹುಟ್ಟಿದವರು ಇಬ್ನ್ ಅಲ್-ಹೈಥಮ್. ಮುಂದೆ ಕೈರೋದಲ್ಲಿ ನೆಲೆಸಿ ಬೆಳಕಿನ ಬಗ್ಗೆ ಕಿತಾಬ್ ಅಲ್-ಮನಾಝಿರ್ ಎಂಬ ದೊಡ್ಡ ಗ್ರಂಥ ಬರೆದರು. ಗ್ರಹಣದ ಹೊತ್ತಿನಲ್ಲಿ ತೂತಿನ ಮೂಲಕ ಬೀಳುವ ಬಿಂಬದ ಆಕಾರದ ಮೇಲೆ ಅವರದೇ ಬೇರೊಂದು ಬರಹವೂ ಇದೆ.

ಅವರು ಮಾಡಿದ ಒಂದು ಪ್ರಯೋಗ ಇವತ್ತಿಗೂ ಮನೆಯಲ್ಲಿ ಮಾಡುವಷ್ಟು ಸರಳ. ಕತ್ತಲೆ ಕೋಣೆಯ ಹೊರಗೆ ಸಾಲಾಗಿ ಹಲವು ದೀಪ ಇಡಿ. ನಡುವೆ ಒಂದೇ ತೂತು. ಒಳಗಿನ ಗೋಡೆಯ ಮೇಲೆ ಎಷ್ಟು ದೀಪವೋ ಅಷ್ಟು ಬೆಳಕಿನ ಚುಕ್ಕೆ. ಒಂದು ದೀಪವನ್ನು ಮರೆ ಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ. ಮರೆ ತೆಗೆದರೆ ಮತ್ತೆ ಅದೇ ಜಾಗದಲ್ಲಿ ಹಾಜರು. ಅಷ್ಟೂ ದೀಪಗಳ ಬೆಳಕು ಒಂದೇ ತೂತಿನಲ್ಲಿ ನುಗ್ಗಿದರೂ ಒಂದಕ್ಕೊಂದು ಕಲೆಸಿಹೋಗಲಿಲ್ಲ. ಕ್ಯಾಮೆರಾ ಅನ್ನೋದು ನಿಂತಿರುವುದೇ ಈ ಸಂಗತಿಯ ಮೇಲೆ.

ಈಗ ನಮ್ಮ ಊರಿಗೆ ಬರೋಣ. ಹಂಪೆಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರಿಗೆ ಗೈಡುಗಳು ತಪ್ಪದೆ ತೋರಿಸುವ ಒಂದು ಜಾಗ ಇದೆ. ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆ. ಗೋಡೆಯ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಪೂರ್ವದ ರಾಜಗೋಪುರವನ್ನು ತಲೆಕೆಳಗಾಗಿ ಬರೆಯುತ್ತದೆ. ಸುಮಾರು 50 ಮೀಟರ್ ಎತ್ತರದ, ಒಂಬತ್ತು ಅಂತಸ್ತಿನ ಗೋಪುರ ಒಂದು ಗೋಡೆಯ ಮೇಲೆ ಬಂದು ಕೂತಿರುತ್ತದೆ. ಜನ ಅದನ್ನು ಗೋಪುರದ ನೆರಳು ಅಂತಾರೆ. ಅದು ನೆರಳಲ್ಲ. ನೆರಳು ಅಂದ್ರೆ ಬೆಳಕು ಇಲ್ಲದ ಜಾಗ. ಅಲ್ಲಿರುವುದು ಗೋಪುರದಿಂದಲೇ ಹೊರಟು ಬಂದ ಬೆಳಕು, ಅಂದರೆ ಬಿಂಬ. ಮುಂದಿನ ಸಲ ಹೋದಾಗ ಗಮನಿಸಿ: ಗೋಪುರದ ಮೇಲೆ ಬಿಸಿಲು ಬಿದ್ದಿದ್ದರೆ ಬಿಂಬ ಉಜ್ವಲ, ಮೋಡ ಬಂದರೆ ಮಂಕು. ಡಬ್ಬಿಯೊಳಗೆ ಆಗುವುದೂ ಇದೇ.

ಲೆನ್ಸ್ ಇಲ್ಲದ ಕಣ್ಣು

ನಾವು ಜೀವವಿಜ್ಞಾನದ ಕಡೆಯವರು, ಹಾಗಾಗಿ ಇಲ್ಲಿ ಒಂದು ಪ್ರಾಣಿಯನ್ನು ಕರೆತರದೆ ಬಿಡೋಲ್ಲ. ನಾಟಿಲಸ್ ಎಂಬ ಸಮುದ್ರಜೀವಿ. ಸುರುಳಿ ಚಿಪ್ಪಿನದು, ಆಕ್ಟೋಪಸ್ಸಿನ ದೂರದ ನೆಂಟ. ಅದರ ಕಣ್ಣು ಸುಮಾರು 1 ಸೆಂಟಿಮೀಟರ್ ಅಗಲದ ಒಂದು ಗುಳಿ, ಮುಂದೆ ಒಂದು ಸಣ್ಣ ತೂತು. ಲೆನ್ಸ್ ಇಲ್ಲ, ಸಮುದ್ರದ ನೀರೇ ಒಳಗೆ ತುಂಬಿರುತ್ತದೆ. ತೂತನ್ನು ಸುಮಾರು 0.4ರಿಂದ 2.8 ಮಿಲಿಮೀಟರ್‌ವರೆಗೆ ಹಿಗ್ಗಿಸಿ ಕುಗ್ಗಿಸಬಲ್ಲದು. ಸೂಜಿರಂಧ್ರ ಕ್ಯಾಮೆರಾವನ್ನೇ ಕಣ್ಣಾಗಿ ಇಟ್ಟುಕೊಂಡ ಪ್ರಾಣಿ ಅದು.

ಅದರ ಕಷ್ಟ ಏನು ಗೊತ್ತಾ? ತೂತು ದೊಡ್ಡದಾದರೆ ಬೆಳಕು ಸಾಕಷ್ಟು, ಚಿತ್ರ ಮಸುಕು. ತೂತು ಚಿಕ್ಕದಾದರೆ ಚಿತ್ರ ಚೆನ್ನ, ಬೆಳಕು ಸಾಲದು. ಆಳದ ನಸುಗತ್ತಲಲ್ಲಿ ಬಾಳುವ ಪ್ರಾಣಿಗೆ ಬೆಳಕೇ ಮುಖ್ಯ. ಮಸುಕು ಚಿತ್ರದಲ್ಲೇ ಅದು ಸುಧಾರಿಸಿಕೊಂಡಿದೆ. ಆಕ್ಟೋಪಸ್ಸಿಗೆ, ಮೀನಿಗೆ, ನಮಗೆ ಲೆನ್ಸ್ ಬಂದದ್ದರಿಂದ ಈ ಇಕ್ಕಟ್ಟು ತಪ್ಪಿತು: ಬಾಗಿಲು ಅಗಲವಾಗಿ ತೆರೆದರೂ ಬೆಳಕನ್ನು ಮತ್ತೆ ಒಂದು ಬಿಂದುವಿಗೆ ಕೂಡಿಸಬಹುದು. ಡಬ್ಬಿ ಕ್ಯಾಮೆರಾ ಮಾಡುವ ನಾವು ನಾಟಿಲಸ್ಸಿನ ಇಕ್ಕಟ್ಟಿಗೆ ವಾಪಸ್ ಹೋಗ್ತಿದ್ದೀವಿ. ಒಂದು ಅನುಕೂಲ ಮಾತ್ರ ನಮಗೆ ಜಾಸ್ತಿ: ಫಿಲ್ಮು ಕಾಯುತ್ತದೆ. ಬೆಳಕು ಕಡಿಮೆ ಇದ್ದರೆ ಹೆಚ್ಚು ಹೊತ್ತು ತೆರೆದಿಟ್ಟರಾಯಿತು.

ತೂತು ಎಷ್ಟಿರಬೇಕು?

ಹಾಗಾದ್ರೆ ತೂತನ್ನು ಚಿಕ್ಕದು, ಇನ್ನೂ ಚಿಕ್ಕದು ಮಾಡ್ತಾ ಹೋದರೆ ಚಿತ್ರ ಇನ್ನೂ ಇನ್ನೂ ಚೂಪಾಗುತ್ತಾ? ಇಲ್ಲ. ಒಂದು ಹಂತ ದಾಟಿದ ಮೇಲೆ ಬೆಳಕು ಅಲೆಯಂತೆ ವರ್ತಿಸಿ ತೂತಿನ ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಇದಕ್ಕೆ ವಿವರ್ತನೆ ಅಂತ ಹೆಸರು. ಲೆಕ್ಕ ನೋಡಿ. ಫಿಲ್ಮು ತೂತಿನಿಂದ 100 ಮಿ.ಮೀ. ದೂರ ಇದೆ ಅಂದುಕೊಳ್ಳಿ. ತೂತು 1 ಮಿ.ಮೀ. ಇದ್ದರೆ ದೂರದ ಒಂದು ಬಿಂದು ಫಿಲ್ಮಿನ ಮೇಲೆ ಸುಮಾರು 1 ಮಿ.ಮೀ. ಚುಕ್ಕೆ ಆಗುತ್ತದೆ. ತೂತು 0.2 ಮಿ.ಮೀ. ಮಾಡಿದರೆ ಚುಕ್ಕೆ 0.2 ಆಗಬೇಕಿತ್ತು, ಆದರೆ ವಿವರ್ತನೆಯಿಂದ ಹರಡಿ 0.6 ಮಿ.ಮೀ. ದಾಟುತ್ತದೆ. ಎರಡರ ನಡುವೆ ಎಲ್ಲೋ ಒಂದು ಸರಿಯಾದ ಅಳತೆ ಇದೆ.

ಅದನ್ನು ಲೆಕ್ಕ ಹಾಕಿ ಕೊಟ್ಟವರಲ್ಲಿ ಒಬ್ಬರು ಲಾರ್ಡ್ ರೇಲೀ, 1904ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಅವರ ಸೂತ್ರ ಬಾಯಲ್ಲೇ ಹೇಳಬಹುದು. ತೂತಿನಿಂದ ಫಿಲ್ಮಿಗೆ ಇರುವ ದೂರವನ್ನು ಮಿಲಿಮೀಟರಿನಲ್ಲಿ ತಗೊಳ್ಳಿ. ಅದನ್ನು 0.00055ರಿಂದ ಗುಣಿಸಿ; ಅದು ಹಸಿರು ಬೆಳಕಿನ ಅಲೆಯ ಉದ್ದ. ವರ್ಗಮೂಲ ತೆಗೆದು 1.9ರಿಂದ ಗುಣಿಸಿ. 100 ಮಿ.ಮೀ. ದೂರಕ್ಕೆ 0.45 ಮಿ.ಮೀ. ಬರುತ್ತದೆ. 60 ಮಿ.ಮೀ. ದೂರಕ್ಕೆ 0.35. ದೂರ ಹೆಚ್ಚಿದಷ್ಟೂ ತೂತು ದೊಡ್ಡದಿರಬಹುದು: 4 ಮೀಟರ್ ದೂರದ ಗೋಡೆಗೆ ಸುಮಾರು 3 ಮಿ.ಮೀ. ತೂತೇ ಸರಿಯಾದದ್ದು. ಹಂಪೆಯ ಕಿಂಡಿಗೆ ಸೂಜಿಯ ಹಂಗು ಯಾಕಿಲ್ಲ ಅಂತ ಈಗ ತಿಳೀತಲ್ಲ.

ತೂತು ಮಾಡುವ ಬಗೆ ಹೀಗೆ. ಡಬ್ಬಿಯ ತಗಡು ದಪ್ಪ. ಅದರಲ್ಲೇ ಸೂಜಿ ಚುಚ್ಚಿದರೆ ತೂತಿನ ಬದಲು ಸುರಂಗ ಆಗುತ್ತದೆ, ಓರೆಯಾಗಿ ಬಂದ ಬೆಳಕು ತಡೆಯುತ್ತದೆ. ಅದಕ್ಕೇ ಡಬ್ಬಿಗೆ 1 ಸೆಂಟಿಮೀಟರಿನ ದೊಡ್ಡ ತೂತು ಕೊರೆದು, ಸೂಜಿಯ ತೂತನ್ನು ಪಾನೀಯದ ಕ್ಯಾನಿನ ತೆಳ್ಳನೆ ಅಲ್ಯೂಮಿನಿಯಂ ಚೂರಿನಲ್ಲಿ ಮಾಡಿ, ಒಳಗಿನಿಂದ ಅಂಟಿಸಬೇಕು. ಚೂರನ್ನು ರಟ್ಟಿನ ಮೇಲಿಟ್ಟು ಸೂಜಿಯ ತುದಿಯನ್ನು ಮೆಲ್ಲಗೆ ಒತ್ತಿ, ಹಿಂದೆ ಸಣ್ಣ ಗುಬ್ಬಿ ಏಳುತ್ತದೆ. ಅದನ್ನು ನಯವಾದ ಮರಳು ಕಾಗದದಿಂದ ಉಜ್ಜಿ. ಮತ್ತೆ ಒತ್ತಿ, ಮತ್ತೆ ಉಜ್ಜಿ. ಸೂಜಿಯನ್ನು ಪೂರ್ತಿ ತೂರಿಸಬೇಡಿ. ಸಣ್ಣ ಸೂಜಿಯ ಮೈಯೇ ಅರ್ಧ ಮಿಲಿಮೀಟರಿನ ಹತ್ತಿರ ಇರುತ್ತದೆ. ಅಳೆಯಲು ಸೂಕ್ಷ್ಮದರ್ಶಕ ಬೇಕಿಲ್ಲ. ಕಾಗದಪತ್ರ ಸ್ಕ್ಯಾನ್ ಮಾಡುವ ಯಂತ್ರದ ಮೇಲಿಟ್ಟು, ಇಂಚಿಗೆ 1200 ಚುಕ್ಕೆಯ ಮಟ್ಟದಲ್ಲಿ ಸ್ಕ್ಯಾನ್ ಮಾಡಿ. 0.45 ಮಿ.ಮೀ. ಅಂದರೆ ಸುಮಾರು 21 ಚುಕ್ಕೆ. ಎಣಿಸಿದರಾಯಿತು. ತೂತು ದುಂಡಗಿದೆಯಾ, ಅಂಚಿನಲ್ಲಿ ತಗಡಿನ ಎಳೆ ಉಳಿದಿದೆಯಾ ಅಂತಲೂ ಅಲ್ಲೇ ಕಾಣುತ್ತದೆ.

ದುಂಡು ಡಬ್ಬಿಯ ಜಾಣತನ

10 ಸೆಂಟಿಮೀಟರ್ ವ್ಯಾಸದ ದುಂಡು ಡಬ್ಬಿ ತಗೊಳ್ಳೋಣ. ಎತ್ತರ ಆರೂವರೆ ಸೆಂಟಿಮೀಟರಿಗಿಂತ ಹೆಚ್ಚಿರಲಿ, ಯಾಕಂದ್ರೆ ರೋಲ್ ಫಿಲ್ಮಿನ ಅಗಲ ಸುಮಾರು 61 ಮಿ.ಮೀ. ಡಬ್ಬಿಯ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಇಲ್ಲಾಂದ್ರೆ ತಗಡಿನ ಹೊಳಪು ಬೆಳಕನ್ನು ಅತ್ತಿತ್ತ ಎಸೆದು ಚಿತ್ರ ಹಾಳಾಗುತ್ತದೆ. ಪ್ಲಾಸ್ಟಿಕ್ ಮುಚ್ಚಳ ಬೆಳಕು ತಡೆಯುವುದಿಲ್ಲ. ಅದರ ಒಳಗೆ ಕಪ್ಪು ರಟ್ಟು ಕೂರಿಸಿ, ಸುತ್ತ ಟೇಪು ಸುತ್ತಬೇಕು. ಅಂಚು ಹರಿತ, ಮಕ್ಕಳ ಕೈಗೆ ಕೊಡುವ ಮುಂಚೆ ಟೇಪು ಹಾಕಿ. ಬೆಳಕು ಸೋರುತ್ತಾ ಅಂತ ನೋಡಲು ಮೊಬೈಲಿನ ಟಾರ್ಚ್ ಹಚ್ಚಿ ಡಬ್ಬಿಯೊಳಗಿಟ್ಟು ಮುಚ್ಚಿ, ಕತ್ತಲೆ ಕೋಣೆಯಲ್ಲಿ ಸುತ್ತಲೂ ಕಣ್ಣಾಡಿಸಿ. ತೂತೊಂದೇ ಮಿಣುಕಬೇಕು.

ತೂತಿನ ಎದುರಿನ ಅರ್ಧ ಸುತ್ತಿಗೆ ಫಿಲ್ಮನ್ನು ಬಾಗಿಸಿ ಅಂಟಿಸುತ್ತೀವಿ. ಅರ್ಧ ಸುತ್ತು ಅಂದರೆ 15.7 ಸೆಂಟಿಮೀಟರ್. ಇಲ್ಲಿ ಹೈಸ್ಕೂಲಿನ ಜ್ಯಾಮಿತಿ ಕೆಲಸಕ್ಕೆ ಬರುತ್ತದೆ. ವೃತ್ತದ ಅರ್ಧ ಸುತ್ತು ವೃತ್ತದ ಮೇಲಿನ ಬಿಂದುವಿಗೆ 90 ಡಿಗ್ರಿ ಕೋನದಲ್ಲಿ ಕಾಣುತ್ತದೆ. ಹಾಗಾಗಿ ಈ ಡಬ್ಬಿ 90 ಡಿಗ್ರಿ ಅಗಲದ ನೋಟ ಹಿಡಿಯುತ್ತದೆ. ಇನ್ನೊಂದು ಚಂದದ ಸಂಗತಿ ಇದೆ. ಚಪ್ಪಟೆ ಫಿಲ್ಮಿನಲ್ಲಿ ಅಂಚುಗಳಿಗೆ ಬೆಳಕು ಕಡಿಮೆ ಬಿದ್ದು ಮೂಲೆಗಳು ಕಪ್ಪಾಗುತ್ತವೆ. ದುಂಡು ಡಬ್ಬಿಯಲ್ಲಿ ಅಡ್ಡಕ್ಕೆ ಹಾಗಾಗುವುದಿಲ್ಲ. ಬದಿಗೆ ಹೋದಷ್ಟೂ ತೂತು ಓರೆಯಾಗಿ ಕಿರಿದಾಗುತ್ತದೆ, ಬೆಳಕು ಫಿಲ್ಮಿಗೆ ಓರೆಯಾಗಿ ಬೀಳುತ್ತದೆ, ಇವೆರಡೂ ನಷ್ಟ. ಆದರೆ ಬದಿಯ ಫಿಲ್ಮು ತೂತಿಗೆ ಹತ್ತಿರವೂ ಆಗಿರುತ್ತದೆ: ನೇರ ಎದುರಿಗೆ 10 ಸೆಂಟಿಮೀಟರ್, ತುದಿಯಲ್ಲಿ 7. ಹತ್ತಿರವಾದ ಲಾಭ ಆ ಎರಡು ನಷ್ಟಗಳನ್ನು ಸರಿಯಾಗಿ ತೀರಿಸಿಬಿಡುತ್ತದೆ. ಬೆಳಕು ಎಡದಿಂದ ಬಲದವರೆಗೆ ಸಮ. ಯಾವ ತಂತ್ರಜ್ಞನೂ ಮಾಡಿದ ಏರ್ಪಾಡಲ್ಲ, ವೃತ್ತದ ಗುಣ ಅದು. ಬದಲಿಗೆ ತೆರಬೇಕಾದ ಬೆಲೆ: ನೇರ ಗೋಡೆ, ಸೂರಿನ ಗೆರೆಗಳು ಬಾಗಿ ಕಾಣುತ್ತವೆ.

ಕತ್ತಲಲ್ಲಿ ಫಿಲ್ಮು

ಅಪ್ಪ-ಅಮ್ಮನ ಕಾಲದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಯಾರ ಮನೆಯಲ್ಲಾದರೂ ಇದ್ದರೆ, ಅದಕ್ಕೆ ಹಾಕುತ್ತಿದ್ದ ಫಿಲ್ಮೇ ಇದು: 120 ರೋಲ್. ಕೊಡಾಕ್ ಇದನ್ನು ಹೊರತಂದದ್ದು 1901ರಲ್ಲಿ; ಇವತ್ತಿಗೂ ತಯಾರಾಗುತ್ತಿದೆ. ಸುಮಾರು 80 ಸೆಂಟಿಮೀಟರ್ ಉದ್ದದ ಫಿಲ್ಮು, ಹಿಂದೆ ಅಂಕಿ ಅಚ್ಚಾದ ಕಾಗದ. ಕಪ್ಪು-ಬಿಳುಪಿನ ಐಎಸ್ಒ 100ರ ಆಸುಪಾಸಿನದು ತಗೊಳ್ಳಿ. ಕತ್ತರಿಸಿದರೆ ಡಬ್ಬಿಗೆ ಐದು ಪಟ್ಟಿ ಸಿಗುತ್ತದೆ. ಐದೇ ಚಿತ್ರ. ಅದಕ್ಕೇ ಪ್ರತಿಯೊಂದೂ ಯೋಚಿಸಿ ತೆಗೆಯುವಂಥದ್ದು.

ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿಗೆ ಕೆಂಪು ದೀಪವೂ ಆಗದು, ಪೂರ್ತಿ ಕತ್ತಲೆ ಬೇಕು. ಕಿಟಕಿಯಿಲ್ಲದ ಬಾತ್‌ರೂಮು ಸರಿ. ಬಾಗಿಲ ಸಂದಿಗೆ ಟವೆಲ್ ಇಡಿ. ದೀಪ ಆರಿಸಿ ತಕ್ಷಣ ಕತ್ತಲೆ ಅಂದುಕೊಳ್ಳಬೇಡಿ. ನಮ್ಮ ಕಣ್ಣಿನ ಶಂಕುಕೋಶಗಳು ಹತ್ತು ನಿಮಿಷದಲ್ಲಿ, ದಂಡಕೋಶಗಳು ಅರ್ಧ ಗಂಟೆಯಲ್ಲಿ ಕತ್ತಲಿಗೆ ಹೊಂದಿಕೊಳ್ಳುತ್ತವೆ. ಕನಿಷ್ಠ ಹತ್ತು ನಿಮಿಷ ಕೂತು ನೋಡಿ. ಆಮೇಲೂ ಬಾಗಿಲ ಗೆರೆ ಕಂಡರೆ ಇನ್ನೊಂದು ಟವೆಲ್ ಬೇಕು. ಮೊದಲೇ ಬೆಳಕಿನಲ್ಲಿ ಅದೇ ಅಳತೆಯ ಕಾಗದದ ಪಟ್ಟಿ ಹಾಕಿ ತೆಗೆದು ಕೈಗೆ ಅಭ್ಯಾಸ ಮಾಡಿಸಿ. ಫಿಲ್ಮಿನ ಯಾವ ಮೈ ತೂತಿನ ಕಡೆ? ಸುರುಳಿ ಯಾವ ಕಡೆ ಒಳಕ್ಕೆ ಬಾಗಿರುತ್ತದೋ ಆ ಒಳಮೈ. ಅದೃಷ್ಟಕ್ಕೆ ಡಬ್ಬಿಯ ಬಾಗೂ ಅದೇ, ಫಿಲ್ಮು ತಾನಾಗಿ ಗೋಡೆಗೆ ಒತ್ತಿ ಕೂರುತ್ತದೆ.

ಕತ್ತರಿಸೋದು ಬೇಡ, ರೋಲು ಸುತ್ತಿಕೊಂಡೇ 12 ಚಿತ್ರ ತೆಗೀಬೇಕು ಅನ್ನುವವರಿಗೆ ಚೌಕದ ಬಿಸ್ಕತ್ತು ಡಬ್ಬಿ. ಎರಡು ಬದಿಗೆ ಎರಡು ರೀಲು, ನಡುವೆ 56 ಮಿ.ಮೀ. ಚೌಕದ ಕಿಟಕಿ, ಅದರ ಮುಂದೆ 60 ಮಿ.ಮೀ. ದೂರದಲ್ಲಿ ತೂತು. ರೀಲು ತಿರುಗಿಸಲು ತುದಿ ಸೀಳಿದ ಮರದ ಕಡ್ಡಿ. ಹಿಂದೆ ಸಣ್ಣ ಕಿಂಡಿ ಕೊರೆದು ಕೆಂಪು ಹಾಳೆ ಅಂಟಿಸಿದರೆ ಕಾಗದದ ಅಂಕಿ ಕಾಣುತ್ತದೆ. ಚೌಕದ ಚಿತ್ರಕ್ಕೆ ನಡುವಿನ ಸಾಲಿನ ಅಂಕಿ. ಈಗಿನ ಫಿಲ್ಮು ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ಕಿಂಡಿಗೆ ಸದಾ ಕಪ್ಪು ಟೇಪು ಇರಲಿ, ಸುತ್ತುವಾಗ ಮಾತ್ರ ನೆರಳಲ್ಲಿ ತೆಗೆಯಿರಿ.

ಎಷ್ಟು ಹೊತ್ತು?

ದೂರವನ್ನು ತೂತಿನ ಅಳತೆಯಿಂದ ಭಾಗಿಸಿ: 100 ಭಾಗ 0.45, ಸುಮಾರು 222. ಇದು ನಮ್ಮ ಕ್ಯಾಮೆರಾದ ಎಫ್ ಸಂಖ್ಯೆ. ಹಳೆಯ ಛಾಯಾಗ್ರಾಹಕರ ಲೆಕ್ಕ ಏನಂದ್ರೆ, ಚೆನ್ನಾದ ಬಿಸಿಲಿನಲ್ಲಿ ಎಫ್ 16ಕ್ಕೆ ಐಎಸ್ಒ 100 ಫಿಲ್ಮಿಗೆ ಸೆಕೆಂಡಿನ ನೂರರ ಒಂದು ಪಾಲು. 222ನ್ನು 16ರಿಂದ ಭಾಗಿಸಿ ವರ್ಗ ಮಾಡಿದರೆ 190ರ ಮೇಲೆ. ಹಾಗಾಗಿ ಸುಮಾರು 2 ಸೆಕೆಂಡು. ಅಹ್ಮದಿಯ ಬಿಸಿಲಿಗೆ ಅಷ್ಟು ಸಾಕು. ಟೇಪು ತೆಗೆದು "ಒಂದು, ಎರಡು" ಅಂತ ನಿಧಾನಕ್ಕೆ ಎಣಿಸಿ ಮುಚ್ಚಿ. ಡಬ್ಬಿ ಅಲುಗಬಾರದು, ಮರಳು ತುಂಬಿದ ಚೀಲದ ಮೇಲಿಡಿ. ಮರಳಿಗೆ ಅಲ್ಲಿ ಬರವಿಲ್ಲ.

ನೆರಳಿನಲ್ಲಿ, ದೂಳು ಕವಿದ ದಿನ ಹೊತ್ತು ಹೆಚ್ಚು ಬೇಕು. ಅದರ ಜೊತೆ ಫಿಲ್ಮಿನ ಒಂದು ಸ್ವಭಾವವನ್ನೂ ಲೆಕ್ಕಕ್ಕೆ ತಗೋಬೇಕು. ಬೆಳಕು ತೀರಾ ನಿಧಾನವಾಗಿ ಬಂದರೆ ಫಿಲ್ಮಿನ ಬೆಳ್ಳಿ ಲವಣದ ಹರಳುಗಳಲ್ಲಿ ಶುರುವಾದ ಬದಲಾವಣೆ ಗಟ್ಟಿಯಾಗುವ ಮುಂಚೆಯೇ ಅಳಿಸಿಹೋಗುತ್ತದೆ. ಹಾಗಾಗಿ ಲೆಕ್ಕ 16 ಸೆಕೆಂಡು ಅಂದರೆ ಇಲ್ಫರ್ಡ್ ಎಫ್‌ಪಿ4ನಂಥ ಫಿಲ್ಮಿಗೆ 33 ಕೊಡಬೇಕು. ಇಷ್ಟು ಹೊತ್ತಿನಲ್ಲಿ ನಡೆದು ಹೋಗುವ ಜನ, ಓಡುವ ಕಾರು ಚಿತ್ರದಲ್ಲಿ ಮೂಡುವುದೇ ಇಲ್ಲ. ನಿಂತದ್ದು ಉಳಿಯುತ್ತದೆ, ಹೋದದ್ದು ಹೋಗುತ್ತದೆ.

ಮೂರು ಎಚ್ಚರಿಕೆ. ಒಂದು, ಸೆಖೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಫಿಲ್ಮನ್ನು ಕಾರಿನಲ್ಲಿ ಬಿಡಬೇಡಿ, ಫ್ರಿಜ್ಜಿನಲ್ಲಿಡಿ. ತೆಗೆದ ಮೇಲೆ ಒಂದೆರಡು ಗಂಟೆ ಪೊಟ್ಟಣ ಒಡೆಯಬೇಡಿ, ಇಲ್ಲಾಂದ್ರೆ ನೀರಿನ ಪಸೆ ಕೂರುತ್ತದೆ. ಎರಡು, ವಿಮಾನ ನಿಲ್ದಾಣ. ಫಿಲ್ಮು ಕೈಚೀಲದಲ್ಲೇ ಇರಲಿ, ಕೈಯಿಂದ ತಪಾಸಣೆ ಮಾಡಿ ಅಂತ ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರುಗಳು ಫಿಲ್ಮನ್ನು ಮಂಜಾಗಿಸುತ್ತವೆ. ಮೂರು, ಎಲ್ಲಕ್ಕಿಂತ ಮುಖ್ಯ: ಕುವೈತಿನಲ್ಲಿ ತೈಲ ಸ್ಥಾವರ, ಸೇನೆ, ಸರ್ಕಾರಿ ಜಾಗಗಳ ಚಿತ್ರ ತೆಗೆಯುವಂತಿಲ್ಲ, ಅಹ್ಮದಿ ತೈಲದ ಊರೇ. ಕಪ್ಪು ಟೇಪು ಸುತ್ತಿದ ಡಬ್ಬಿಯನ್ನು ಬೀದಿಯಲ್ಲಿ ಇಟ್ಟು ಬರುವುದಂತೂ ಎಲ್ಲಿಯೂ ಬೇಡ. 2016ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ವಿದ್ಯಾರ್ಥಿಯೊಬ್ಬರು ಸೇತುವೆಗೆ ಕಟ್ಟಿದ ಇಂಥದೇ ಕ್ಯಾಮೆರಾವನ್ನು ಬಾಂಬ್ ದಳ ಸಿಡಿಸಿತು, ಹೆದ್ದಾರಿ ಬಂದ್ ಆಯಿತು. ಮನೆಯ ಬಾಲ್ಕನಿ, ಟೆರೇಸು, ಒಳಾಂಗಣ, ಊರಿಗೆ ಹೋದಾಗ ಅಂಗಳ. ಅಷ್ಟು ಸಾಕು.

ಕಾಫಿಯಲ್ಲಿ ತೊಳೆದ ಚಿತ್ರ

ಡೆವಲಪ್ ಮಾಡುವುದು ಎಲ್ಲಿ? ಅಡುಗೆಮನೆಯ ಪಕ್ಕದಲ್ಲೇ ಆಗುತ್ತದೆ. ಕಾಫಿಯಲ್ಲಿರುವ ಫೀನಾಲ್ ಬಗೆಯ ಆಮ್ಲಗಳು ಬೆಳಕು ತಾಗಿದ ಹರಳುಗಳನ್ನು ಬೆಳ್ಳಿಯಾಗಿ ಮಾರ್ಪಡಿಸಬಲ್ಲವು. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಇದನ್ನು ಮಾಡಿ ತೋರಿಸಿದರು, ಕೆಫೆನಾಲ್ ಅಂತ ಹೆಸರು. ಈಗ ಚಾಲ್ತಿಯಲ್ಲಿರುವ ಅಳತೆ: 1 ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಚಿಕೋರಿ ಬೆರೆತ ಫಿಲ್ಟರ್ ಕಾಫಿ ಬೇಡ, ಅದನ್ನು ಕುಡಿಯೋಕೆ ಇಟ್ಟುಕೊಳ್ಳಿ. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ. ಅಡುಗೆ ಸೋಡಾವನ್ನು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಅದು ವಾಷಿಂಗ್ ಸೋಡಾ ಆಗುತ್ತದೆ. ಕೈಗೆ ಗ್ಲೌಸು ಹಾಕಿ. ಪಾತ್ರೆ ಪ್ರತ್ಯೇಕ ಇರಲಿ, ಮತ್ತೆ ಅಡುಗೆಗೆ ಬಳಸಬೇಡಿ.

ಬೇಸಿಗೆಯಲ್ಲಿ ಅಲ್ಲಿನ ನಲ್ಲಿ ತಿರುಗಿಸಿದರೆ ಬರುವುದು ಬಿಸಿನೀರು. ಹೀಗಾಗಿ ನೀರನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು, ಥರ್ಮಾಮೀಟರಿನಲ್ಲಿ ನೋಡಿ 20ಕ್ಕೆ ತನ್ನಿ. ಡೆವಲಪ್ ಆದ ಮೇಲೆ ಒಮ್ಮೆ ನೀರು, ಆಮೇಲೆ ಫಿಕ್ಸರ್, ಅಂದರೆ ಹಳೆಯ ಸ್ಟುಡಿಯೋದವರು ಹೈಪೊ ಅನ್ನುತ್ತಿದ್ದದ್ದು. ಇದಕ್ಕೆ ಅಡುಗೆಮನೆಯ ಬದಲಿ ಇಲ್ಲ, ಕೊಂಡೇ ತರಬೇಕು. ಅದು ಬೆಳಕು ಕಾಣದ ಹರಳುಗಳನ್ನು ಕರಗಿಸಿ ಒಯ್ಯುತ್ತದೆ. ಅಲ್ಲಿಯವರೆಗೂ ಕತ್ತಲೆ ಬೇಕು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ಕೂಡಿಟ್ಟು ಫೋಟೊ ಲ್ಯಾಬಿಗೆ ಕೊಡಿ. ತೊಳೆಯಲು ನಲ್ಲಿ ಬಿಟ್ಟಿರಬೇಕಿಲ್ಲ: ಡೆವಲಪಿಂಗ್ ಟ್ಯಾಂಕಿಗೆ ನೀರು ತುಂಬಿ 5 ಸಲ ಅಡಿಮೇಲು ಮಾಡಿ ಚೆಲ್ಲಿ, ಹೊಸ ನೀರಿಗೆ 10 ಸಲ, ಮತ್ತೆ ಹೊಸ ನೀರಿಗೆ 20 ಸಲ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ದೇಶದಲ್ಲಿ ಈ ಮಿತವ್ಯಯ ಒಳ್ಳೆಯದೇ.

ಒಣಗಿದ ನೆಗೆಟಿವನ್ನು ಬಿಳಿ ಪರದೆಯ ಮುಂದೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು, ಕಪ್ಪು-ಬಿಳುಪು ತಿರುಗಿಸಿ. ಚುಕ್ಕೆಯ ಲೆಕ್ಕದಲ್ಲಿ ಈ ಚಿತ್ರದ ಅಗಲ ಸುಮಾರು 350 ಚುಕ್ಕೆ. ನಿಮ್ಮ ಮೊಬೈಲಿನದು 4000. ಪೈಪೋಟಿ ಇಲ್ಲ. ಆದರೆ ಆ 350ರಲ್ಲಿ ಒಂದೊಂದೂ ಯಾಕೆ ಅಲ್ಲಿ ಬಂತು ಅಂತ ಹತ್ತು ವರ್ಷದ ಮಗು ವಿವರಿಸಬಲ್ಲದು. ಮೊಬೈಲಿನ 4000ದ ಬಗ್ಗೆ ನಮಗೇ ಅಷ್ಟು ಧೈರ್ಯವಿಲ್ಲ.

ಗ್ರಹಣದ ದಿನ

ಈಗ ಮೊದಲಿನ ಮಾತಿಗೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ಸೌದಿ, ಕತಾರ್ ಕಡೆ ಸೂರ್ಯ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಅದೇ ನೆರಳು ಕಡಲು ದಾಟಿ ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಕಾಸರಗೋಡಿನ ಚೆರುವತ್ತೂರು, ದಕ್ಷಿಣ ಕೊಡಗನ್ನು ಮುಟ್ಟಿತು. ಕೊಲ್ಲಿಯಲ್ಲಿ ಮಗ, ಊರಲ್ಲಿ ತಾಯಿ, ಇಬ್ಬರಿಗೂ ಒಂದೇ ಬೆಳಗ್ಗೆ ಒಂದೇ ಗ್ರಹಣ. ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿತ್ತು. ಬಾಗಿಲು ಹಾಕುವುದರ ಹಿಂದಿನ ಭಯದಲ್ಲಿ ಒಂದು ಪಾಲು ನಿಜ ಇದೆ: ಸೂರ್ಯನನ್ನು ನೇರ ನೋಡಿದರೆ ಅಕ್ಷಿಪಟಕ್ಕೆ ಗಾಯವಾಗುತ್ತದೆ. ಅಕ್ಷಿಪಟದಲ್ಲಿ ನೋವಿನ ನರಗಳಿಲ್ಲ, ಹಾಗಾಗಿ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ನೋಟದ ನಡುವೆ ಕಲೆ ಕಾಣುತ್ತದೆ. ಗ್ರಹಣದ ಸೂರ್ಯನಿಗೆ ಬೇರೆ ವಿಷ ಇಲ್ಲ. ಬೆಳಕು ಕಡಿಮೆಯಾದ್ದರಿಂದ ಕಣ್ಣು ಮಿಟುಕಿಸದೆ ನೋಡುವ ಧೈರ್ಯ ಬರುತ್ತದೆ, ಅಪಾಯ ಅಷ್ಟೇ.

ಅದಕ್ಕೇ ಒಂದು ಮಾತನ್ನು ಒತ್ತಿ ಹೇಳ್ತೀವಿ. ಸೂಜಿಯ ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು. ತೂತು ಇರುವುದು ಬಿಂಬ ಬೀಳಿಸಲಿಕ್ಕೆ, ಇಣುಕಲಿಕ್ಕೆ ಅಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಂತು ಬಿಂಬವನ್ನು ನೋಡಬೇಕು.

ಹಾಲಿನ ಪುಡಿ ಡಬ್ಬಿಯಲ್ಲಿ ಸೂರ್ಯನ ಬಿಂಬ 1 ಮಿಲಿಮೀಟರೂ ಆಗುವುದಿಲ್ಲ, 108ರ ಲೆಕ್ಕ ನೆನಪಿದೆಯಲ್ಲ. ದೊಡ್ಡದು ಬೇಕಾದರೆ ದೂರ ಬೇಕು. ಆಗಸ್ಟಿನ ಸುಡು ಮಧ್ಯಾಹ್ನ ಕುವೈತಿನಲ್ಲಿ ಹೊರಗೆ ನಿಲ್ಲುವಂತಿಲ್ಲ. ಬೇಸಿಗೆಯಲ್ಲಿ ಹೊರಾಂಗಣದ ಕೆಲಸಕ್ಕೇ 11ರಿಂದ 4ರವರೆಗೆ ಸರ್ಕಾರದ ತಡೆ ಇರುತ್ತದೆ. ಹಾಗಾಗಿ ಹೀಗೆ ಮಾಡಿ. ಒಂದು ಪುಟ್ಟ ಕನ್ನಡಿಗೆ ಕಾಗದ ಅಂಟಿಸಿ, ಕಾಗದದ ನಡುವೆ 3ರಿಂದ 5 ಮಿ.ಮೀ. ಮಾತ್ರ ತೆರವು ಬಿಡಿ. ಬಾಲ್ಕನಿಯ ಬಿಸಿಲಿನಲ್ಲಿ ಅದನ್ನು ಮರಳಿನ ಚೀಲಕ್ಕೆ ಒರಗಿಸಿ, ಬೆಳಕು ಒಳಗಿನ ಕತ್ತಲೆ ಗೋಡೆಗೆ ಬೀಳುವಂತೆ ತಿರುಗಿಸಿ. 5 ಮೀಟರ್ ದೂರದ ಗೋಡೆಯ ಮೇಲೆ 4.6 ಸೆಂಟಿಮೀಟರಿನ ಸೂರ್ಯ. ಗ್ರಹಣ ಏರಿದಂತೆ ಅದರ ಅಂಚು ಕರಗುವುದನ್ನು ಮನೆಮಂದಿಯೆಲ್ಲ ಎಸಿ ಕೆಳಗೆ ಕೂತು ನೋಡಬಹುದು. ಕನ್ನಡಿಯೊಳಕ್ಕೆ ಮಾತ್ರ ಯಾರೂ ನೋಡಬಾರದು. ಊರಿನಲ್ಲಿರುವ ಅಜ್ಜಿಗೆ ಇನ್ನೂ ಸುಲಭ: ಸಂಜೆ ಹೊತ್ತು ಮರದ ಹಿಂದಿನ ಗೋಡೆ ನೋಡಲಿ. ಬೆಳಕಿನ ಚುಕ್ಕೆಗಳೆಲ್ಲ ಕಚ್ಚಿದ ಬಿಸ್ಕತ್ತಿನಂತಾಗಿರುತ್ತವೆ.

ಈ ವಾರದ ಮನೆಗೆಲಸ ಮೂರು. ಒಂದು, ಮರದ ಕೆಳಗಿನ ಒಂದು ದುಂಡು ಚುಕ್ಕೆ ಅಳೆದು 108ರಿಂದ ಗುಣಿಸಿ, ಕೊಂಬೆಯ ದೂರ ಹೇಳಿ. ಎರಡು, ಅಲ್ಯೂಮಿನಿಯಂ ಚೂರಿನಲ್ಲಿ 1 ಮಿ.ಮೀ., 0.45, 0.2ರ ಮೂರು ತೂತು ಮಾಡಿ ಒಂದೇ ನೋಟವನ್ನು ಮೂರರಲ್ಲೂ ತೆಗೆದು ಹೋಲಿಸಿ. ತೂತು ಚಿಕ್ಕದಾದಷ್ಟೂ ಹೊತ್ತು ಹೆಚ್ಚು ಕೊಡಿ. ಮೂರು, ಏಪ್ರಿಲಿನ ಕೊನೆಯ ಭಾನುವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2001ರಿಂದ ಅದು ವಿಶ್ವ ಪಿನ್‌ಹೋಲ್ ಛಾಯಾಗ್ರಹಣ ದಿನ. ಕುವೈತಿನ ಸೆಖೆ ಇನ್ನೂ ಏರುವ ಮುಂಚಿನ ದಿನಗಳು, ಡಬ್ಬಿ ಹಿಡಿದು ಟೆರೇಸಿಗೆ ಹೋಗಲು ಅಡ್ಡಿಯಿಲ್ಲ.

ಡಬ್ಬಿ ತೊಳೆದು, ಒಣಗಿಸಿ ಇಟ್ಟುಕೊಳ್ಳಿ.